ಗೆಲುವಿನ ಪಾಲು

ಆಡದವನಿಗೆ ಗೆಲುವಿನಲ್ಲಿ ಪಾಲುಂಟೆ? ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಮಸರಕಲ್‌ನಂಥ ಊರಿನಲ್ಲಿ ದೊಡ್ಡ ಪಂದ್ಯವಿರುವ ದಿನ ಚಹಾದಂಗಡಿ ಮುಂದೆ ನಿಂತವರಿಗೆ ಈ ಪ್ರಶ್ನೆ ಏಳದೆ ಇರದು. ಒಂದೇ ಮೊಬೈಲಿನ ಮೇಲೆ ಏಳೆಂಟು ತಲೆಗಳು ಬಗ್ಗಿರುತ್ತವೆ. ಕೊನೆಯ ವಿಕೆಟ್ ಬಿದ್ದದ್ದೇ ತಡ, "ಗೆದ್ವಿ ನೋಡಲೇ!" ಎಂಬ ಕೂಗು. ಕೂಗಿದವನು ಒಂದು ಚೆಂಡೂ ಎಸೆದವನಲ್ಲ. ಬೆಳಿಗ್ಗೆಯಿಂದ ಹತ್ತಿ ಬಿಡಿಸಿಯೋ ಟ್ರ್ಯಾಕ್ಟರ್ ಹೊಡೆದೋ ದಣಿದು ಬಂದವನು. ಅದೇ ತಂಡ ಮುಂದಿನ ವಾರ ಸೋತರೆ "ಅವ್ರ ಹಣೆಬರಾನೇ ಇಷ್ಟು" ಎಂದು ಕೈಕೊಡವಿ ಮನೆಯ ದಾರಿ ಹಿಡಿಯುತ್ತಾನೆ. ಗೆದ್ದರೆ ನಾವು, ಸೋತರೆ ಅವರು.

ನಕ್ಕು ಬಿಡುವ ಮಾತಲ್ಲ ಇದು. ಒಬ್ಬೊಬ್ಬನ ಬದುಕಿನಲ್ಲಿ ಗೆಲ್ಲುವ ಸಂದರ್ಭಗಳು ಬಹಳ ಕಡಿಮೆ. ಮಳೆ ಕೈಕೊಟ್ಟಿತು, ಹತ್ತಿಯ ದರ ಬಿತ್ತು, ಓದಿದ ಮಗನಿಗೆ ನೌಕರಿ ಸಿಗಲಿಲ್ಲ. ಇಷ್ಟರ ನಡುವೆ ಎಲ್ಲೋ ಹನ್ನೊಂದು ಮಂದಿ ಗೆದ್ದರೆ ಅದರಲ್ಲೊಂದು ಚೂರು ತನಗೂ ಇರಲಿ ಎಂದು ಬಯಸುವುದು ತಪ್ಪಲ್ಲ. ಆದರೆ ಆ ಚೂರು ಪುಕ್ಕಟೆಯಾಗಿ ಬರುತ್ತದೆಯೆ, ಅದಕ್ಕೂ ಒಂದು ಬೆಲೆ ಇದೆಯೆ? ಕನ್ನಡಿಗರು ಇದನ್ನು ಕೇಳಿಕೊಳ್ಳಲು ಕರ್ನಾಟಕ ಗೆದ್ದ 1973–74ರ ಸಾಲಿನ ರಣಜಿ ಟ್ರೋಫಿಗಿಂತ ಒಳ್ಳೆಯ ನೆಪ ಇನ್ನೊಂದಿಲ್ಲ.

ಆ ಗೆಲುವಿನ ಹಿಂದೆ ನಲವತ್ತು ವರ್ಷಗಳ ಸೋಲಿತ್ತು. ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯವನ್ನು ಆಡಿದ ಎರಡು ತಂಡಗಳಲ್ಲಿ, ಆಗ ಮೈಸೂರು ಎನಿಸಿಕೊಂಡಿದ್ದ ಕರ್ನಾಟಕ ತಂಡ ಒಂದು. 1934ರ ನವೆಂಬರ್ 4, ಮದ್ರಾಸಿನ ಚೆಪಾಕ್ ಮೈದಾನ. ಮೈಸೂರು ಮೊದಲ ಸಲ 48ಕ್ಕೆ, ಮತ್ತೊಮ್ಮೆ 59ಕ್ಕೆ ಮುಗಿಯಿತು. ಮದ್ರಾಸಿನ ಎ.ಜಿ. ರಾಮ್ ಸಿಂಗ್ ಒಬ್ಬರೇ 11 ವಿಕೆಟ್ ಕಿತ್ತರು. ಮದ್ರಾಸ್ ಒಂದೇ ಸಲ ಆಡಿ ಹೊಡೆದ 130 ರನ್ ಸಾಕಾಯಿತು. ಬೆಳಿಗ್ಗೆ ಶುರುವಾದ ಪಂದ್ಯ ಅದೇ ಸಂಜೆಗೆ ಇನಿಂಗ್ಸ್ ಮತ್ತು 23 ರನ್‌ಗಳ ಸೋಲಿನಲ್ಲಿ ಮುಗಿದುಹೋಯಿತು. ಮುಂದೆ 1941–42ರಲ್ಲಿ ಮೈಸೂರು ಫೈನಲ್ ತಲುಪಿ ಬಾಂಬೆಗೆ ಸೋತಿತು. 1959–60ರಲ್ಲಿ ಮತ್ತೆ ಫೈನಲ್, ಮತ್ತೆ ಬಾಂಬೆ, ಮತ್ತೆ ಸೋಲು. ಆ ಹೊತ್ತಿಗೆ ಬಾಂಬೆಯ ಅಶ್ವಮೇಧ ಶುರುವಾಗಿತ್ತು. 1958–59ರಿಂದ 1972–73ರ ತನಕ ಹದಿನೈದು ವರ್ಷ ಒಂದೇ ಸಮನೆ ಟ್ರೋಫಿ ಅವರದೇ. ಆ ಸಾಲಿನಲ್ಲಿ ಅವರು ಮೊದಲು ಗೆದ್ದ ವರ್ಷ ಹುಟ್ಟಿದ ಮಗು ಹೈಸ್ಕೂಲು ಸೇರುವವರೆಗೂ ಬೇರೆ ಯಾರೂ ಗೆದ್ದದ್ದನ್ನು ಕಂಡಿರಲಿಲ್ಲ.

ಹೀಗಿರುವಾಗ 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ರಾಜ್ಯದ ಹೆಸರು ಬದಲಾಯಿತು. ಮೈಸೂರು ಹೋಗಿ ಕರ್ನಾಟಕ ಬಂತು. ಕ್ರಿಕೆಟ್ ತಂಡವೂ ಹೆಸರು ಬದಲಿಸಿತು. ಬೆಂಗಳೂರು, ಮೈಸೂರಿನವರಿಗೆ ಅದು ಹಳೆಯ ಮನೆಗೆ ಹೊಸ ಫಲಕ ಹಾಕಿದಂತೆ ಕಂಡಿದ್ದೀತು. ರಾಯಚೂರು ಸೀಮೆಯ ಮಟ್ಟಿಗೆ ಅಷ್ಟೇ ಅಲ್ಲ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. 1956ರವರೆಗೂ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ರಾಜ್ಯಗಳ ಲೆಕ್ಕದಲ್ಲಿ ನೋಡಿದರೆ, 1937–38ರಲ್ಲಿ ನವಾನಗರವನ್ನು ಒಂದೇ ವಿಕೆಟ್ ಅಂತರದಲ್ಲಿ ಸೋಲಿಸಿ ಹೈದರಾಬಾದ್ ತಂಡ ರಣಜಿ ಗೆದ್ದಾಗ ಮಸರಕಲ್‌ನವರದೂ ಅದೇ ತಂಡ! 1956ರ ನವೆಂಬರ್ 1ರ ಬೆಳಗಾಗುವಷ್ಟರಲ್ಲಿ ಆ ಅಭಿಮಾನವನ್ನು ಕೃಷ್ಣೆಯ ಆಚೆಗೆ ಬಿಟ್ಟು ಮೈಸೂರಿನ ತಂಡವನ್ನು ತಮ್ಮದೆನ್ನಬೇಕಾಯಿತು. ಮತ್ತೆ 17 ವರ್ಷಕ್ಕೆ, ಈ ಸೀಮೆಗೂ ಜಾಗವಿರುವ ಹೆಸರೊಂದು ಆ ತಂಡಕ್ಕೆ ಬಂತು. ಹೆಸರಿನ ಮೊದಲ ವರ್ಷವೇ ಗೆಲುವೂ ಬಂತು.

ಬಂದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 1974ರ ಮಾರ್ಚ್ ತಿಂಗಳು, ಬೆಂಗಳೂರು. ಇಂದು ಚಿನ್ನಸ್ವಾಮಿ ಎಂದು ಕರೆಯುವ ಕ್ರೀಡಾಂಗಣ ಆಗಿನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. ಸೆಮಿಫೈನಲ್‌ನಲ್ಲಿ ಎದುರಿಗಿದ್ದದ್ದು ಬಾಂಬೆ. ಆ ಕಡೆ ಅಜಿತ್ ವಾಡೇಕರ್, ಸುನಿಲ್ ಗಾವಸ್ಕರ್, ಅಶೋಕ್ ಮಂಕಡ್. ಈ ಕಡೆ ನಾಯಕ ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್, ಗುಂಡಪ್ಪ ವಿಶ್ವನಾಥ್, ಬ್ರಿಜೇಶ್ ಪಟೇಲ್, ಸೈಯದ್ ಕಿರ್ಮಾನಿ. ಕರ್ನಾಟಕ ಮೊದಲು ಬ್ಯಾಟ್ ಮಾಡಿತು. ವಿಶ್ವನಾಥ್ ಕ್ರೀಸಿಗೆ ಬಂದು ಎದುರಿಸಿದ ಮೊದಲ ಚೆಂಡೇ ಕಾಲಿನ ಪ್ಯಾಡಿಗೆ ಬಡಿಯಿತು. ಎಲ್‌ಬಿಡಬ್ಲ್ಯು ಎಂದು ಬಾಂಬೆಯವರು ಒಕ್ಕೊರಲಿನಿಂದ ಕೂಗಿದರು. ಅಂಪೈರ್ ಬೆರಳು ಮೇಲೇಳಲಿಲ್ಲ. ಅಲ್ಲಿಂದ ಮುಂದೆ ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106. ತಂಡದ ಮೊತ್ತ 385.

ಬಾಂಬೆಗೆ ಅದು ದೊಡ್ಡ ಗುಡ್ಡವೇನಲ್ಲ. ಹದಿನೈದು ವರ್ಷಗಳಲ್ಲಿ ಇಂಥ ಗುಡ್ಡಗಳನ್ನು ಅವರು ಹತ್ತಿ ಇಳಿದಿದ್ದರು. ಪ್ರಸನ್ನ ಗಾವಸ್ಕರ್ ಅವರನ್ನು ಬೌಲ್ಡ್ ಮಾಡಿದ ಮೇಲೂ ವಾಡೇಕರ್ ಮತ್ತು ಮಂಕಡ್ ಬೇರೂರಿ ನಿಂತರು. ಆಗ ಒಂದು ರನ್‌ಗೆಂದು ಹೊರಟ ವಾಡೇಕರ್, ಬೇಡವೆಂದು ಹಿಂದಿರುಗುವಾಗ ಕಾಲು ಜಾರಿ ಬಿದ್ದರು. ಏಳುವಷ್ಟರಲ್ಲಿ ರನ್‌ಔಟ್. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್‌ಗಳನ್ನು ಅವರವರ ನೆಲದಲ್ಲೇ ಸೋಲಿಸಿ ಬಂದ ನಾಯಕ, ಬೌಲರನಿಗೆ ಬಗ್ಗದವನು, ಒಂದು ಜಾರುವಿಕೆಗೆ ಬಗ್ಗಬೇಕಾಯಿತು. ಉಳಿದದ್ದನ್ನು ಸ್ಪಿನ್ನರ್‌ಗಳು ನೋಡಿಕೊಂಡರು. ಬಾಂಬೆ 307ಕ್ಕೆ ಆಲ್‌ಔಟ್. ಪಂದ್ಯ ಡ್ರಾ ಆಯಿತು. ನಿಯಮದ ಪ್ರಕಾರ ಮೊದಲ ಇನಿಂಗ್ಸಿನ 78 ರನ್‌ಗಳ ಮುನ್ನಡೆ ಕರ್ನಾಟಕವನ್ನು ಫೈನಲ್‌ಗೆ ಕಳಿಸಿತು. ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ಕರ್ನಾಟಕ ಮೊದಲ ಬಾರಿಗೆ ರಣಜಿ ಎತ್ತಿತು.

ಈಗ ಪಾಲು ಹಂಚೋಣ. ಮೊದಲ ಪಾಲು ಆಡಿದವರದು, ಅದರಲ್ಲಿ ತಕರಾರಿಲ್ಲ. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ್ದು. ಆ ಕೈಯಿಂದಲೇ ಅವರು ಜಗತ್ತಿನ ಬ್ಯಾಟ್ಸ್‌ಮನ್‌ಗಳನ್ನು ಕಂಗೆಡಿಸಿದರು, ಟೆಸ್ಟ್‌ನಲ್ಲಿ 242 ವಿಕೆಟ್ ಪಡೆದರು. ಪ್ರಸನ್ನ 1962ರ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು ಎಂಜಿನಿಯರಿಂಗ್ ಓದು ಮುಗಿಸಬೇಕೆಂದು ಐದು ವರ್ಷ ಟೆಸ್ಟ್ ಆಟದಿಂದ ದೂರ ಉಳಿದು, ಮತ್ತೆ ಬಂದು ಜಾಗ ಗಿಟ್ಟಿಸಿಕೊಂಡವರು. ಇಂಥವರ ಗೆಲುವಿಗೆ ಅವರ ಬೆವರೇ ಸಾಕ್ಷಿ. ಆದರೆ ಎರಡನೆಯ ಪಾಲು ಯಾರದು? ಏಳದೆ ಉಳಿದ ಆ ಬೆರಳಿನದು, ವಾಡೇಕರ್ ಜಾರಿದ ಆ ಹಿಡಿಯಷ್ಟು ನೆಲದ್ದು. ಬಾಂಬೆಯ ಆಟಗಾರರು ವಿಶ್ವನಾಥ್ ಮೊದಲ ಚೆಂಡಿಗೇ ಔಟ್ ಎಂದೇ ನಂಬಿದ್ದರು. ಅಂಪೈರ್ ಅಲ್ಲವೆಂದರು. ಯಾರು ಸರಿ ಎಂಬ ಪಂಚಾಯಿತಿಗೆ ಈಗ ಅರ್ಥವಿಲ್ಲ. ಮುಖ್ಯವಾದದ್ದು, ದೊಡ್ಡ ಗೆಲುವುಗಳ ಅಡಿಗಲ್ಲಿನಲ್ಲಿ ಹೀಗೊಂದು ಕೈಗೆಟುಕದ ಸಂಗತಿ ಇದ್ದೇ ಇರುತ್ತದೆ ಎಂಬುದು. ಆಡಿದವನೇ ಪೂರ್ತಿ ತನ್ನದೆನ್ನಲು ಆಗದ ಗೆಲುವನ್ನು ನೋಡಿದವನು ಎದೆ ತಟ್ಟಿಕೊಂಡು ಪೂರ್ತಿ ತನ್ನದೆನ್ನುವುದು ಹೇಗೆ?

ಒಲಿದು ಬಂದದ್ದಕ್ಕೆ ಮನುಷ್ಯ ಏನು ಮಾಡಬೇಕು? ವಿಶ್ವನಾಥ್ ಬದುಕಿನಲ್ಲಿ ಇದಕ್ಕೊಂದು ಉತ್ತರವಿದೆ. 1980ರ ಫೆಬ್ರುವರಿ, ಬಾಂಬೆಯ ವಾಂಖೆಡೆಯಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವದ ಟೆಸ್ಟ್. ಭಾರತಕ್ಕೆ ಅವರೇ ನಾಯಕ. ಇಂಗ್ಲೆಂಡ್ 58ಕ್ಕೆ ಐದು ವಿಕೆಟ್ ಕಳೆದುಕೊಂಡು ತತ್ತರಿಸುತ್ತಿತ್ತು. ಬಾಬ್ ಟೇಲರ್ ಬ್ಯಾಟಿಗೆ ಚೆಂಡು ತಾಗಿ ವಿಕೆಟ್‌ಕೀಪರ್ ಕೈ ಸೇರಿತೆಂದು ಅಂಪೈರ್ ಔಟ್ ಕೊಟ್ಟರು. ಮೊದಲ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೆ ತಾಗಿಲ್ಲವೆಂದು ಖಾತ್ರಿಯಿತ್ತು. ಅಂಪೈರ್ ಬಳಿ ಹೋಗಿ ಹೇಳಿದರು, ಟೇಲರ್ ಅವರನ್ನು ವಾಪಸ್ ಕರೆಸಿದರು. ಟೇಲರ್ ಮತ್ತು ಇಯಾನ್ ಬೋಥಮ್ ಸೇರಿ 171 ರನ್ ಕೂಡಿಸಿದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಆರು ವರ್ಷಗಳ ಹಿಂದೆ ಒಂದು ಬೆರಳು ಏಳದೆ ಉಳಿದದ್ದಕ್ಕೂ ಇದಕ್ಕೂ ಗಂಟು ಹಾಕಲು ನನಗೆ ಹಕ್ಕಿಲ್ಲ. ಅವರ ಮನಸ್ಸಿನಲ್ಲಿ ಏನಿತ್ತೋ ಅವರಿಗೇ ಗೊತ್ತು. ಆದರೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವವರಿಗೆ ಒಂದಂತೂ ತಿಳಿಯುತ್ತದೆ. ಕೈಬಿಟ್ಟ ವಿಕೆಟ್ಟಿನಿಂದ ಪಂದ್ಯ ಹೋಯಿತು, ಮಾನ ಹೋಗಲಿಲ್ಲ. ಇಂದಿಗೂ ಆ ಟೆಸ್ಟ್ ಎಂದರೆ ಬೋಥಮ್ ಪಡೆದ 13 ವಿಕೆಟ್‌ಗಳ ಜೊತೆಗೆ ನೆನಪಾಗುವುದು ಸೋತ ನಾಯಕನ ಆ ನಾಲ್ಕು ಹೆಜ್ಜೆಗಳೇ.

ಈ ಗುಣಕ್ಕೆ ವಾಂಖೆಡೆಯೇ ಬೇಕಿಲ್ಲ. ನಮ್ಮ ಕಡೆ ಹತ್ತಿ ಕಟ್ಟಿಗೆ ಕಿತ್ತ ಮೇಲೆ ಬಿರುಕು ಬಿಟ್ಟ ಎರೆಹೊಲದಲ್ಲಿ ಹುಡುಗರು ಮರಂ ಸುರಿದು, ಕೊಡದಲ್ಲಿ ನೀರು ಹೊತ್ತು ತಂದು ಚೆಲ್ಲಿ, ತುಳಿದು ತುಳಿದು ಪಿಚ್ ಮಾಡಿಕೊಳ್ಳುತ್ತಾರೆ. ಅಂಪೈರ್ ಬೇರೆ ಎಲ್ಲಿಂದ ಬರಬೇಕು? ಬ್ಯಾಟ್ ಮಾಡುವ ತಂಡದ ಹುಡುಗನೇ ನಿಲ್ಲಬೇಕು. ತನ್ನದೇ ತಂಡದ, ತನ್ನದೇ ಓಣಿಯ ಗೆಳೆಯ ರನ್‌ಔಟ್ ಆದಾಗ ಕೈ ಎತ್ತಬೇಕೋ ಬೇಡವೋ ಎಂಬ ಸಂಕಟ ಹನ್ನೆರಡು ವರ್ಷದ ಆ ಪೋರನ ಮುಖದಲ್ಲಿ ಕಾಣುತ್ತದೆ. "ಕ್ರೀಸಿನ್ಯಾಗ ಇದ್ನಲೇ!" ಎಂದು ಬ್ಯಾಟ್ ಹಿಡಿದವನು ಗದರುತ್ತಾನೆ. ಕೆಲವರು ಹೆದರಿ ಸುಮ್ಮನಾಗುತ್ತಾರೆ. ಕೆಲವರು ಮಾತ್ರ "ಇಲ್ಲಲೇ, ಔಟ್ ಅದಿ, ಬಾ" ಎನ್ನುತ್ತಾರೆ. ಹಾಗೆಂದವನಿಗೆ ಆ ಸಂಜೆ ಗೆಳೆಯರು ಮಾತು ಬಿಡಬಹುದು. ಕ್ರಿಕೆಟ್ ಎಂಬ ಆಟದಲ್ಲಿ ನಿಜವಾದ ಪಾಲು ಪಡೆದವನು, ನನ್ನ ಮಟ್ಟಿಗೆ, ಟಿವಿ ಮುಂದೆ ಪಟಾಕಿ ಹಚ್ಚಿದವನಿಗಿಂತ ಮೊದಲು ಅವನೇ.

ಮೂರನೆಯ ಪಾಲು ಸೋತವರದು. 1974ರ ಫೈನಲ್‌ನಲ್ಲಿ ನಾವು ಸೋಲಿಸಿದ ರಾಜಸ್ಥಾನದ ಕಥೆ ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಹನುಮಂತ್ ಸಿಂಗ್, ಸಲೀಂ ದುರಾನಿಯಂಥವರಿದ್ದ ತಂಡ ಅದು. 1960–61ರಿಂದ 1969–70ರೊಳಗೆ ಏಳು ಸಲ ಫೈನಲ್ ತಲುಪಿ ಏಳು ಸಲವೂ ಬಾಂಬೆಗೆ ಸೋತಿತ್ತು. ಬಾಂಬೆಯೆಂಬ ಬಂಡೆಯನ್ನು ಕರ್ನಾಟಕ ಬೆಂಗಳೂರಿನಲ್ಲಿ ಸರಿಸಿದಾಗ, ಜೈಪುರದಲ್ಲಿ ಈ ಸಲವಾದರೂ ನಮ್ಮದು ಎಂದು ಎಷ್ಟು ಜನ ಅಂದುಕೊಂಡಿರಬೇಕು! ತಮ್ಮದೇ ಊರಿನಲ್ಲಿ ಎಂಟನೆಯ ಸಲ ಸೋತರು. ಅವರು ಮೊದಲ ರಣಜಿ ಗೆದ್ದದ್ದು 2010–11ರಲ್ಲಿ. ನಮ್ಮ ಹಬ್ಬದ ಆಚೆ ಬದಿಯಲ್ಲಿ ಮತ್ತೊಬ್ಬರ 37 ವರ್ಷಗಳ ಕಾಯುವಿಕೆ ಇತ್ತು.

ಹೀಗೆ ಕಾಯುವುದು ಬರೀ ನಮ್ಮ ದೇಶದ ಮಾತಲ್ಲ. ಅಮೆರಿಕದಲ್ಲಿ ಬೇಸ್‌ಬಾಲ್ ಎಂದರೆ ನಮ್ಮ ಕ್ರಿಕೆಟ್ಟಿನಷ್ಟೇ ಹುಚ್ಚು. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಎಂಬಲ್ಲಿ ಡಾಡ್ಜರ್ಸ್ ಎಂಬ ತಂಡವಿತ್ತು. 1947ರಲ್ಲಿ ಜಾಕಿ ರಾಬಿನ್‌ಸನ್ ಎಂಬ ಕಪ್ಪು ಆಟಗಾರನನ್ನು ಕಣಕ್ಕಿಳಿಸಿ, ಆ ಆಟದ ದೊಡ್ಡ ಲೀಗುಗಳಲ್ಲಿ ದಶಕಗಳಿಂದ ಇದ್ದ ವರ್ಣಭೇದದ ಗೋಡೆ ಒಡೆದ ತಂಡ. ಅದೂ ಏಳು ಬಾರಿ ವಿಶ್ವ ಸರಣಿಯ ಅಂತಿಮ ಹಣಾಹಣಿಯಲ್ಲಿ ಸೋತಿತ್ತು, ಅದರಲ್ಲಿ ಐದು ಸಲ ಅದೇ ನಗರದ ಶ್ರೀಮಂತ ಯಾಂಕೀಸ್ ತಂಡಕ್ಕೆ. ಪ್ರತಿ ಸಲ ಸೋತಾಗಲೂ ಬ್ರೂಕ್ಲಿನ್‌ನವರು ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದರು. 1955ರಲ್ಲಿ ಯಾಂಕೀಸ್ ಅನ್ನೇ ಸೋಲಿಸಿದರು, ಬೀದಿಬೀದಿಯಲ್ಲಿ ಕುಣಿದರು. ಎರಡೇ ವರ್ಷ. 1957ರ ಆಟಗಳು ಮುಗಿದೊಡನೆ ತಂಡದ ಮಾಲೀಕ ಇಡೀ ತಂಡವನ್ನು ಕಿತ್ತು ದೇಶದ ಇನ್ನೊಂದು ತುದಿಯ ಲಾಸ್ ಏಂಜಲೀಸ್‌ಗೆ ಒಯ್ದ. 1960ರಲ್ಲಿ ಬ್ರೂಕ್ಲಿನ್‌ನ ಆ ಹಳೆಯ ಮೈದಾನವನ್ನೂ ಕೆಡವಿದರು. ದಶಕಗಳ ಕಾಲ ಸೋಲನ್ನು ಹೊತ್ತವರು ಬ್ರೂಕ್ಲಿನ್ ಜನ, ತಂಡ ಮಾತ್ರ ಮಾಲೀಕನ ಆಸ್ತಿ. ಅಭಿಮಾನಿಯ ಪಾಲು ಯಾವ ದಸ್ತಾವೇಜಿನಲ್ಲೂ ಇರುವುದಿಲ್ಲ ಎಂಬ ಪಾಠವನ್ನು ಬ್ರೂಕ್ಲಿನ್ ಕಣ್ಣೀರಿನಲ್ಲಿ ಕಲಿಯಿತು.

ಇಲ್ಲಿಗೆ ಮಾತು ತಿರುಗಿ ನಮ್ಮೆಡೆಗೆ ಬರುತ್ತದೆ. ಅಭಿಮಾನಿ ತಂಡಕ್ಕೆ ಋಣಿಯಾದರೆ ತಂಡವೂ ಅಭಿಮಾನಿಗೆ ಋಣಿಯಲ್ಲವೆ? ಕರ್ನಾಟಕ ಎಂದು ಹೆಸರಿಟ್ಟುಕೊಂಡ ತಂಡ ಬೀದರಿನಿಂದ ಚಾಮರಾಜನಗರದವರೆಗಿನ ಪ್ರತಿ ಮಗುವಿಗೂ ಒಂದು ಭಾಷೆ ಕೊಟ್ಟಂತಾಯಿತು. 1974ರ ಆ ತಂಡದಲ್ಲಿ ರಾಯಚೂರು ಸೀಮೆಯವರು ಇರಲಿಲ್ಲ. ಇದ್ದವರೆಲ್ಲ ಇಲ್ಲಿಯೇ ಹುಟ್ಟಿದವರೂ ಅಲ್ಲ: ಕಿರ್ಮಾನಿ ಹುಟ್ಟಿದ್ದು ಮದ್ರಾಸಿನಲ್ಲಿ, ಬ್ರಿಜೇಶ್ ಪಟೇಲ್ ಬರೋಡಾದಲ್ಲಿ. ಅದರಲ್ಲಿ ತಪ್ಪೇನೂ ಇಲ್ಲ. ನೆಲ ಯಾರನ್ನು ಬೆಳೆಸಿತೋ ಅವರು ನೆಲದವರೇ. ಪ್ರಶ್ನೆ ಇರುವುದು ಬೆಳೆಸುವ ನೆಲ ಎಲ್ಲೆಲ್ಲಿತ್ತು ಎಂಬುದರಲ್ಲಿ. 1972ರ ಬರ ಕಂಡ ಊರುಗಳು ನಮ್ಮವು. ಆ ಮಾರ್ಚ್‌ನಲ್ಲಿ ಇಲ್ಲಿನ ಹಳ್ಳಿಗಳಿಗೆ ರಣಜಿ ಎಂಬ ಹೆಸರು ತಲುಪಿದ್ದರೆ ಅದೇ ದೊಡ್ಡದು.

ರಾಯಚೂರಿನಲ್ಲಿ ಹುಟ್ಟಿದ ಯೆರೆ ಗೌಡ ರಣಜಿಯಲ್ಲಿ ಹೆಸರು ಮಾಡಿದ್ದು ಎರಡು ದಶಕಗಳ ನಂತರ. ಅವರ ಆಟದ ಬಹುಪಾಲು ವರ್ಷಗಳು ಕಳೆದದ್ದು ರೈಲ್ವೇಸ್ ತಂಡದಲ್ಲಿ. ಕಲ್ಲಿನಂತೆ ಕ್ರೀಸಿಗೆ ಅಂಟಿಕೊಂಡು ನಿಲ್ಲುವ ಅವರ ಆಟ ಇದ್ದ ಆ ತಂಡ 2001–02ರಲ್ಲಿ ಮೊದಲ ಬಾರಿ ರಣಜಿ ಗೆದ್ದಿತು. ಕೊನೆಗೆ ತವರಿಗೆ ಮರಳಿ ಕರ್ನಾಟಕದ ನಾಯಕರೂ ಆದರು. ಒಬ್ಬ ಯೆರೆ ಗೌಡರನ್ನು ತೋರಿಸಿ ಸಾಲ ತೀರಿತು ಎನ್ನುವಂತಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ ದೇವದುರ್ಗ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿನಲ್ಲಿದೆ. ಮುಂದೆ ಈ ಸೀಮೆಗೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಸೀಮೆಯ ಹೆಸರು ಕಲ್ಯಾಣ ಕರ್ನಾಟಕವಾಯಿತು. ಹೆಸರು ಕೊಡುವುದು ಒಂದು ದಿನದ ಕೆಲಸ. ಆ ಹೆಸರಿಗೆ ತಕ್ಕ ಪಾಲು ಕೊಡುವುದು ತಲೆಮಾರುಗಳ ಕೆಲಸ. ಅದು ಶಾಲೆಯಲ್ಲಿ, ಆಸ್ಪತ್ರೆಯಲ್ಲಿ ಹೇಗೋ ಆಟದಲ್ಲೂ ಹಾಗೆಯೇ.

ಪಾಲು ಕೇಳುವ ಹಸಿವು ಎಷ್ಟು ದೊಡ್ಡದೆಂಬುದನ್ನು 2025ರ ಜೂನ್ ತೋರಿಸಿಕೊಟ್ಟಿತು. ಜೂನ್ 3ರಂದು ಅಹಮದಾಬಾದಿನಲ್ಲಿ ಬೆಂಗಳೂರಿನ ತಂಡ ಆರ್‌ಸಿಬಿ 18 ವರ್ಷಗಳಲ್ಲಿ ಮೊದಲ ಬಾರಿ ಐಪಿಎಲ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಗೆಲುವನ್ನು ಕಣ್ಣಾರೆ ಕಾಣಲು ಬಂದ ಜನಸಾಗರದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ವಿಶ್ವನಾಥ್ 162 ಹೊಡೆದ ಅದೇ ಮೈದಾನದ ಗೇಟುಗಳ ಹೊರಗೆ. ಹುಚ್ಚು ಅಭಿಮಾನಿಗಳು ಎಂದು ಅವರನ್ನು ಬೈದವರೂ ಇದ್ದರು. ನನಗೆ ಹಾಗನ್ನಿಸುವುದಿಲ್ಲ. ಹದಿನೇಳು ವರ್ಷ ಸೋಲಿನಲ್ಲಿ ಪಾಲುದಾರರಾಗಿದ್ದವರು ಗೆಲುವಿನಲ್ಲೊಂದು ತುತ್ತು ಕೇಳಲು ಬಂದಿದ್ದರು. ಜನರ ಅಭಿಮಾನವನ್ನೇ ಬಂಡವಾಳ ಮಾಡಿಕೊಂಡ ಯಾವುದೇ ಆಟಕ್ಕೆ ಆ ಜನರ ಪ್ರಾಣದ ಹೊಣೆಯೂ ಸೇರಿಯೇ ಬರುತ್ತದೆ. ನಿಮ್ಮ ಗೆಲುವು ಎಂದು ಕರೆದ ಮೇಲೆ ಬಂದವರು ಕ್ಷೇಮವಾಗಿ ಮನೆ ಸೇರುವಂತೆ ನೋಡಿಕೊಳ್ಳುವುದು ಕರೆದವರ ಧರ್ಮ.

ಹಾಗಾದರೆ ಆಡದವನಿಗೆ ಪಾಲುಂಟೆ? ಉಂಟು ಎಂದೇ ನನ್ನ ಉತ್ತರ. ಆದರೆ ಹೊಲವನ್ನು ಪಾಲಿಗೆ ಮಾಡಿದವನಂತೆ. ಅವನು ಹೊಲದ ಒಡೆಯನಲ್ಲ, ಆದರೂ ರಾಶಿಯ ದಿನ ಕಣದಲ್ಲಿ ತಲೆಯೆತ್ತಿ ನಿಲ್ಲುತ್ತಾನೆ, ಯಾಕೆಂದರೆ ಹರಗಿದಾಗ, ಕಳೆ ತೆಗೆದಾಗ, ಮಳೆ ಬಾರದೆ ಪೈರು ಬಾಡಿದಾಗ ಅವನು ಅಲ್ಲಿದ್ದ. ರಾಶಿಯ ದಿನ ಮಾತ್ರ ಚೀಲ ಹಿಡಿದು ಬಂದವನಿಗೆ ಯಾರೂ ಕಾಳು ಅಳೆದು ಕೊಡುವುದಿಲ್ಲ. ಚೆಪಾಕ್‌ನ 48 ಮತ್ತು 59ನ್ನು ತನ್ನದೆಂದು ಒಪ್ಪಿಕೊಂಡವನಿಗೆ ಬೆಂಗಳೂರಿನ 385 ಕೂಡ ಸಲ್ಲುತ್ತದೆ. ಜೈಪುರದವರ ಎಂಟು ಸೋಲುಗಳಿಗೆ ತಲೆಬಾಗಬಲ್ಲವನಿಗೆ 185 ರನ್‌ಗಳ ಸಂಭ್ರಮವೂ ಸಲ್ಲುತ್ತದೆ.

ಇಷ್ಟರ ಮೇಲೆ ಒಂದು ಕೆಲಸ ಉಳಿಯುತ್ತದೆ, ಅದು ದೊಡ್ಡವರದು. ಹಳ್ಳಿಯಲ್ಲಿ ಗಾಯರಾಣವೋ ಶಾಲೆಯ ಬಯಲೋ ಒತ್ತುವರಿಯಾಗುತ್ತ ಬಂದಂತೆ ಹುಡುಗರ ಆಟ ರಸ್ತೆಗೆ ಬಂದು ನಿಲ್ಲುತ್ತದೆ. ಹುಡುಗಿಯರ ಆಟ ಅಷ್ಟೂ ದೂರ ಬರುವುದಿಲ್ಲ, ಮನೆಯ ಬಾಗಿಲಲ್ಲೇ ನಿಂತುಬಿಡುತ್ತದೆ. ಗ್ರಾಮಸಭೆಯಲ್ಲಿ ಚರಂಡಿ, ಕುಡಿಯುವ ನೀರಿನ ಜೊತೆಗೆ "ನಮ್ಮ ಹುಡುಗ್ರಿಗೆ ಆಡ್ಲಿಕ್ಕ ಒಂದಿಷ್ಟು ಜಾಗ ಬಿಡ್ರಿ" ಎಂದು ಯಾರಾದರೂ ಒಬ್ಬರು ಎದ್ದು ಕೇಳಬೇಕು, ಸಿಗುವವರೆಗೂ ಕೇಳುತ್ತಿರಬೇಕು. ಪಂದ್ಯದ ರಾತ್ರಿ ಕೂಗಲು ಬೇಕಾಗುವುದು ಗಂಟಲು ಮಾತ್ರ. ಊರಿನ ಮಗುವೊಂದು ಆಡಿ ಸೋತು, ಮತ್ತೆ ಆಡುವುದಕ್ಕೆ ಬೇಕಾಗುವುದು ನೆಲ, ನೀರು, ನ್ಯಾಯವಾಗಿ ಕೈ ಎತ್ತುವ ಒಬ್ಬ ಅಂಪೈರ್. ಇದಿಷ್ಟನ್ನು ಕೊಟ್ಟವರು ಗೆದ್ದೆವೆಂದು ಕೂಗಲಿ, ಯಾರೂ ಅವರನ್ನು ಲೆಕ್ಕ ಕೇಳುವುದಿಲ್ಲ.